ಮರದ ಬುಡದ ಮೀನು: ನದಿಯಲ್ಲಿ ದೊಡ್ಡ ಫ್ಲ್ಯಾಟ್‌ಹೆಡ್ ಕ್ಯಾಟ್‌ಫಿಶ್ ಹಿಡಿಯುವ ಬಗೆ

ಫ್ಲ್ಯಾಟ್‌ಹೆಡ್ ಕ್ಯಾಟ್‌ಫಿಶ್ ಅಮೆರಿಕದ ಮಿಸಿಸಿಪ್ಪಿ, ಮಿಸೌರಿ, ಒಹಾಯೊ ಮೊದಲಾದ ನದಿಗಳ ಮೂಲನಿವಾಸಿ ಮೀನು. ಗಾಳದಲ್ಲಿ ಸಿಕ್ಕವುಗಳಲ್ಲಿ ದಾಖಲೆಯ ಮೀನು 1998ರಲ್ಲಿ ಕ್ಯಾನ್ಸಸ್ ರಾಜ್ಯದ ಎಲ್ಕ್ ಸಿಟಿ ಜಲಾಶಯದಲ್ಲಿ ಹಿಡಿದದ್ದು. ಅದರ ತೂಕ 123 ಪೌಂಡ್, ಅಂದರೆ ಸುಮಾರು 56 ಕಿಲೋ. ಅಷ್ಟು ದೊಡ್ಡದು ಎಲ್ಲರಿಗೂ ಸಿಗುವ ಮಾತಲ್ಲ. ಆದರೆ ಮೂವತ್ತು ನಲವತ್ತು ಪೌಂಡಿನ ಮೀನುಗಳು ಟೊಪೀಕಾ, ಲಾರೆನ್ಸ್, ಕ್ಯಾನ್ಸಸ್ ಸಿಟಿಯಂಥ ಊರುಗಳ ನಡುವೆಯೇ ಹರಿಯುವ ಕ್ಯಾನ್ಸಸ್ ನದಿಯಲ್ಲೂ ಇವೆ. ಆ ಭಾಗದಲ್ಲಿ ನೆಲೆಸಿರುವ, ಗಾಳ ಹಾಕುವ ಹಂಬಲವಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ತುಂಗಭದ್ರೆಯ ದಡದಲ್ಲಿ ಬೆಳೆದವರಿಗೆ ಬಾಳೆಮೀನಿನ ಸ್ವಭಾವ ಗೊತ್ತಿರುತ್ತದೆ. ಹಗಲೆಲ್ಲ ದಡದ ಕೊರಕಲಿನಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಹೊರಬಂದು ಸಣ್ಣ ಮೀನುಗಳನ್ನು ನುಂಗುವ ಮೀನು ಅದು. ಫ್ಲ್ಯಾಟ್‌ಹೆಡ್ ಬೇರೆ ಕುಲದ್ದಾದರೂ ಸ್ವಭಾವದಲ್ಲಿ ಅದಕ್ಕೆ ಹತ್ತಿರ. ಈ ಒಂದು ಸಂಗತಿಯನ್ನು ಮರೆಯದೆ ಕೆಲಸ ಮಾಡುವವರಿಗೆ ಮುಂದಿನದೆಲ್ಲ ಸುಲಭವಾಗುತ್ತದೆ. ನನ್ನ ಅನುಭವದಲ್ಲಿ ದೊಡ್ಡ ಮೀನು ಸಿಗುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಗಾಳ ನೀರಿಗೆ ಬೀಳುವ ಮೊದಲೇ, ಹಗಲಿನಲ್ಲಿ ಜಾಗವನ್ನು ಆರಿಸುವಾಗಲೇ ತೀರ್ಮಾನವಾಗಿರುತ್ತದೆ.

ಮೀನನ್ನು ಮೊದಲು ಗುರುತಿಸಿ

ಈ ನದಿಗಳಲ್ಲಿ ಮುಖ್ಯವಾಗಿ ಮೂರು ಬಗೆಯ ದೊಡ್ಡ ಕ್ಯಾಟ್‌ಫಿಶ್‌ಗಳಿವೆ. ಚಾನೆಲ್ ಕ್ಯಾಟ್‌ಫಿಶ್ ಮತ್ತು ಬ್ಲೂ ಕ್ಯಾಟ್‌ಫಿಶ್‌ಗಳ ಬಾಲ ಆಳವಾಗಿ ಕವಲೊಡೆದಿರುತ್ತದೆ. ಫ್ಲ್ಯಾಟ್‌ಹೆಡ್‌ನ ಬಾಲದ ಅಂಚು ಹೆಚ್ಚುಕಡಿಮೆ ನೇರವಾಗಿದ್ದು ನಡುವೆ ಸಣ್ಣ ತಗ್ಗು ಮಾತ್ರ ಇರುತ್ತದೆ. ತಲೆ ಅಗಲವಾಗಿ, ಸಲಿಕೆಯಂತೆ ಚಪ್ಪಟೆಯಾಗಿರುತ್ತದೆ, ಕಣ್ಣುಗಳು ಚಿಕ್ಕವು, ಕೆಳದವಡೆ ಮೇಲ್ದವಡೆಗಿಂತ ಮುಂದೆ ಚಾಚಿಕೊಂಡಿರುತ್ತದೆ. ಹಳದಿ ಮಿಶ್ರಿತ ಕಂದು ಮೈಮೇಲೆ ಕಪ್ಪು ಮಚ್ಚೆಗಳು ಹರಡಿರುತ್ತವೆ.

ಗುರುತಿಗಿಂತ ಮುಖ್ಯವಾದದ್ದು ಆಹಾರ ಪದ್ಧತಿ. ಚಾನೆಲ್ ಕ್ಯಾಟ್‌ಫಿಶ್ ವಾಸನೆಯ ಹಿಂದೆ ಹೋಗಿ ಕೋಳಿಯ ಈಲಿಯನ್ನೂ ಕೊಳೆತ ಎರೆಯನ್ನೂ ತಿನ್ನುತ್ತದೆ. ಫ್ಲ್ಯಾಟ್‌ಹೆಡ್ ಮರಿಯಾಗಿದ್ದಾಗ ಹುಳುಹುಪ್ಪಟೆ ಮತ್ತು ಸಿಗಡಿಯಂಥ ಕ್ರೇಫಿಶ್ ತಿನ್ನುವುದಾದರೂ ಬೆಳೆದ ಮೇಲೆ ಹೆಚ್ಚಾಗಿ ಜೀವಂತ ಮೀನನ್ನೇ ತಿನ್ನುತ್ತದೆ. ಕೆಸರು ನೀರಿನ ಕಗ್ಗತ್ತಲಲ್ಲೂ ಬೇಟೆಯ ಅಲುಗಾಟವನ್ನು ಅದು ಮೈಯಿಂದಲೇ ಗ್ರಹಿಸಬಲ್ಲದು. ಸತ್ತ ಎರೆಗೆ ದೊಡ್ಡ ಫ್ಲ್ಯಾಟ್‌ಹೆಡ್ ಬೀಳುವುದೇ ಇಲ್ಲ ಎಂದಲ್ಲ, ಆದರೆ ಅದನ್ನು ನಂಬಿಕೊಂಡು ರಾತ್ರಿಯಿಡೀ ಕೂರಬಾರದು.

ಕಾಲವನ್ನು ನೀರಿನ ಶಾಖದಿಂದ ಅಳೆಯಿರಿ

ತಿಂಗಳ ಹೆಸರು ನೋಡಿ ಹೊರಡುವುದಕ್ಕಿಂತ ನೀರಿಗೆ ಥರ್ಮಾಮೀಟರ್ ಇಳಿಸಿ ನೋಡುವುದು ಮೇಲು. ನೀರು 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ (10 ಡಿಗ್ರಿ ಸೆಲ್ಸಿಯಸ್) ತಣ್ಣಗಿದ್ದಾಗ ಈ ಮೀನು ಆಳವಾದ ಮಡುಗಳಲ್ಲಿ ತಳಕ್ಕೆ ಅಂಟಿಕೊಂಡು ಬಹುಪಾಲು ಉಪವಾಸವಿರುತ್ತದೆ. ಚಳಿಗಾಲದಲ್ಲಿ ಅದನ್ನು ಅದರ ಪಾಡಿಗೆ ಬಿಡುವುದೇ ಸರಿ. ವಸಂತದಲ್ಲಿ ನೀರು 60ರಿಂದ 70 ಡಿಗ್ರಿಗೆ (ಸುಮಾರು 16ರಿಂದ 21 ಸೆಲ್ಸಿಯಸ್) ಏರುವ ವಾರಗಳಲ್ಲಿ ಮೀನುಗಳು ಮಡು ಬಿಟ್ಟು ಓಡಾಡುತ್ತ ಹೊಟ್ಟೆ ತುಂಬ ತಿನ್ನುತ್ತವೆ. ದೊಡ್ಡ ಮೀನಿಗೆ ಇದೇ ಒಳ್ಳೆಯ ಕಾಲ, ಹಗಲಿನಲ್ಲಿಯೂ ಸಿಗುವ ಸಾಧ್ಯತೆ ಆಗಲೇ ಹೆಚ್ಚು.

ನೀರು 75ರಿಂದ 80 ಡಿಗ್ರಿ (24ರಿಂದ 27 ಸೆಲ್ಸಿಯಸ್) ಮುಟ್ಟಿದಾಗ, ಸಾಮಾನ್ಯವಾಗಿ ಜೂನ್‌ನಿಂದ ಜುಲೈ ಮೊದಲ ಭಾಗದಲ್ಲಿ, ಮೊಟ್ಟೆಯಿಡುವ ಕಾಲ ಬರುತ್ತದೆ. ಟೊಳ್ಳು ದಿಮ್ಮಿಯಲ್ಲೋ ದಡದಡಿಯ ಪೊಟರೆಯಲ್ಲೋ ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಮೀನು ಅಲ್ಲೇ ಕಾವಲು ಕೂರುತ್ತದೆ. ಆ ಎರಡು ಮೂರು ವಾರ ಗಾಳಕ್ಕೆ ಮೀನು ಬೀಳುವುದು ಥಟ್ಟನೆ ಕಡಿಮೆಯಾಗುತ್ತದೆ. ಹಿಂದಿನ ವಾರ ಚೆನ್ನಾಗಿ ಸಿಗುತ್ತಿದ್ದ ಜಾಗದಲ್ಲಿ ಏನೂ ಸಿಗದಿದ್ದರೆ ಜಾಗವನ್ನು ಅನುಮಾನಿಸಬೇಡಿ, ಕಾಯಿರಿ. ಆಮೇಲೆ ಬೇಸಿಗೆಯ ರಾತ್ರಿಗಳು ಬರುತ್ತವೆ. ಸೆಪ್ಟೆಂಬರ್ ಹೊತ್ತಿಗೆ ನೀರು ಮತ್ತೆ ತಣ್ಣಗಾಗತೊಡಗಿದಾಗ ಮೀನುಗಳು ಇನ್ನೊಮ್ಮೆ ಜೋರಾಗಿ ತಿನ್ನುತ್ತವೆ.

ನದಿಯ ಮಟ್ಟವೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಸಂಸ್ಥೆ ಬಹುತೇಕ ದೊಡ್ಡ ನದಿಗಳಲ್ಲಿ ಅಳತೆ ಕೇಂದ್ರಗಳನ್ನು ಇಟ್ಟು, ನೀರಿನ ಮಟ್ಟ ಮತ್ತು ಹರಿವಿನ ಪ್ರಮಾಣವನ್ನು ಅಂತರ್ಜಾಲದಲ್ಲಿ ಕಾಲಕಾಲಕ್ಕೆ ಪ್ರಕಟಿಸುತ್ತದೆ. ಮಳೆಯ ನಂತರ ನೀರು ನಿಧಾನವಾಗಿ ಒಂದೆರಡು ಅಡಿ ಏರುತ್ತಿದ್ದರೆ ಹೊರಡಿ. ರಭಸದಿಂದ ಏರಿ ಮರಗಳನ್ನು ಹೊತ್ತು ತರುತ್ತಿದ್ದರೆ ಮನೆಯಲ್ಲಿರಿ.

ಹಗಲಿನಲ್ಲಿ ಜಾಗ ಹುಡುಕುವುದು

ಕ್ಯಾನ್ಸಸ್ ನದಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿನವರು ಇದನ್ನು ಕಾ ನದಿ ಎನ್ನುತ್ತಾರೆ. ಮರಳಿನ ತಳ, ಅಗಲವಾದ ಪಾತ್ರ, ಆಳ ಕಡಿಮೆ. ಇಂಥ ನದಿಯಲ್ಲಿ ಮೀನಿಗೆ ಬೇಕಾದ ಆಳ ಮತ್ತು ಮರೆ ಎರಡೂ ಕೆಲವೇ ಕಡೆ ಒಟ್ಟಿಗೆ ಸಿಗುತ್ತವೆ, ಹಾಗಾಗಿ ಹುಡುಕುವುದು ಸುಲಭ. ನದಿ ತಿರುಗುವಲ್ಲಿ ಹೊರ ಅಂಚನ್ನು ನೋಡಿ. ಸೆಳೆತ ಅಲ್ಲಿ ದಡವನ್ನು ಕೊರೆದು ಮಡು ಮಾಡಿರುತ್ತದೆ, ದಡದ ಮೇಲಿನ ಕಾಟನ್‌ವುಡ್ ಮರಗಳು ಬೇರುಸಹಿತ ನೀರಿಗೆ ಬಿದ್ದಿರುತ್ತವೆ. ಬಿದ್ದ ಮರದ ಬೇರಿನ ಬುಡ ಆಳದಲ್ಲಿದ್ದು, ಅದಕ್ಕೆ ಪ್ರವಾಹ ತಂದ ಬೇರೆ ದಿಮ್ಮಿಗಳೂ ಸಿಕ್ಕಿಕೊಂಡು ಗುಪ್ಪೆಯಾಗಿದ್ದರೆ ಅದು ದೊಡ್ಡ ಮೀನಿನ ಮನೆ.

ಎಲ್ಲ ದಿಮ್ಮಿಗಳೂ ಒಂದೇ ಅಲ್ಲ ಎಂಬುದನ್ನು ನಾನು ತಡವಾಗಿ ಕಲಿತೆ. ಎರಡು ಬೇಸಿಗೆ ಕಣ್ಣಿಗೆ ಕಂಡ ಪ್ರತಿ ಮರದ ಪಕ್ಕದಲ್ಲೂ ಗಾಳ ಹಾಕಿ ಸಮಯ ಕಳೆದೆ. ಈಗ ಮೂರು ಸಂಗತಿ ನೋಡುತ್ತೇನೆ. ಮರದ ಮುಂದೆ ಅಥವಾ ಅಡಿಯಲ್ಲಿ ಕನಿಷ್ಠ ಎರಡು ಮೂರು ಮೀಟರ್ ಆಳವಿರಬೇಕು. ಸೆಳೆತ ಅದಕ್ಕೆ ತಾಗಿ ಹೋಗುತ್ತಿರಬೇಕು, ಏಕೆಂದರೆ ನಿಂತ ನೀರಿನ ಮರದ ಬುಡದಲ್ಲಿ ಹೂಳು ತುಂಬಿ ಪೊಟರೆಗಳು ಮುಚ್ಚಿಹೋಗಿರುತ್ತವೆ. ಮೂರನೆಯದು, ಹತ್ತಿರದಲ್ಲೇ ಮರಳು ದಿಣ್ಣೆಯ ಇಳಿಜಾರೋ ಕಲ್ಲುಗುಂಡುಗಳ ತೆಳು ನೀರೋ ಇರಬೇಕು. ಫ್ಲ್ಯಾಟ್‌ಹೆಡ್ ಹಗಲು ಮರದ ಬುಡದಲ್ಲಿ ಮಲಗಿ, ರಾತ್ರಿ ಊಟಕ್ಕೆ ಆ ತೆಳುನೀರಿಗೆ ಬರುತ್ತದೆ. ಮಲಗುವ ಮನೆಗೂ ಊಟದ ಮನೆಗೂ ನಡುವಿನ ದಾರಿ ಎಲ್ಲಿರಬಹುದು ಎಂದು ಹಗಲಲ್ಲಿ ನಿಂತು ಯೋಚಿಸಿದರೆ ರಾತ್ರಿ ಗಾಳ ಎಲ್ಲಿ ಬೀಳಬೇಕೆಂಬುದು ತಾನಾಗಿ ತಿಳಿಯುತ್ತದೆ.

ಮಿಸೌರಿ ನದಿಯ ರೀತಿ ಬೇರೆ. ಹಡಗು ಸಂಚಾರಕ್ಕಾಗಿ ಸೇನಾ ಎಂಜಿನಿಯರ್‌ಗಳ ವಿಭಾಗ ಅದರ ಪಾತ್ರವನ್ನು ಬಿಗಿಗೊಳಿಸಿ, ದಡದಿಂದ ನೀರಿಗೆ ಚಾಚಿದ ಕಲ್ಲಿನ ಒಡ್ಡುಗಳನ್ನು ಸಾಲಾಗಿ ಕಟ್ಟಿದೆ. ಒಡ್ಡಿನ ತುದಿಯಲ್ಲಿ ಸುಳಿ ಕೊರೆದ ಗುಂಡಿ, ಒಡ್ಡಿನ ಹಿಂಬದಿಯ ಶಾಂತ ನೀರು, ಕಲ್ಲುಗಳ ಸಂದು ಇವೆಲ್ಲ ಒಳ್ಳೆಯ ಜಾಗಗಳೇ.

ಪರವಾನಗಿ ಮತ್ತು ನಿಯಮ

ಮೀನುಗಾರಿಕೆ ಪರವಾನಗಿ ಇಲ್ಲದೆ ನದಿಗೆ ಇಳಿಯಬಾರದು. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುವುದರಿಂದ ಎಷ್ಟು ಕೋಲು ಇಡಬಹುದು, ಎಷ್ಟು ಮೀನು ಇಟ್ಟುಕೊಳ್ಳಬಹುದು, ಯಾವ ಮೀನನ್ನು ಎರೆಯಾಗಿ ಬಳಸಬಹುದು ಎಂಬುದನ್ನು ಆ ವರ್ಷದ ನಿಯಮ ಪುಸ್ತಿಕೆಯಲ್ಲೇ ಓದಿಕೊಳ್ಳಬೇಕು. ಕ್ಯಾನ್ಸಸ್‌ನಲ್ಲಿ ಹೊಸಬರು ಎಡವುವ ಒಂದು ಅಂಶವಿದೆ. ಅಲ್ಲಿ ಕ್ಯಾನ್ಸಸ್, ಅರ್ಕಾನ್ಸಸ್ ಮತ್ತು ಮಿಸೌರಿ, ಈ ಮೂರು ನದಿಗಳು ಮಾತ್ರ ಸಾರ್ವಜನಿಕ. ಉಳಿದ ಹೊಳೆಗಳು ಖಾಸಗಿ ಜಮೀನಿನಲ್ಲಿ ಹರಿಯುವಾಗ ಜಮೀನುದಾರರ ಅನುಮತಿ ಬೇಕು. ಬಾಗಿಲು ತಟ್ಟಿ, ಹೆಸರು ಹೇಳಿ, ವಿನಯದಿಂದ ಕೇಳಿದರೆ ಒಪ್ಪುವ ರೈತರು ಬಹಳ ಮಂದಿ ಇದ್ದಾರೆ.

ಪೊಟರೆಗೆ ಕೈ ಹಾಕಿ ಮೀನು ಹಿಡಿಯುವ ನೂಡ್ಲಿಂಗ್ ಪದ್ಧತಿಯ ಬಗ್ಗೆ ಹಲವರು ಕೇಳುತ್ತಾರೆ. ಟೆಕ್ಸಸ್ ಅದಕ್ಕೆ 2011ರಲ್ಲಿ ಅವಕಾಶ ಕೊಟ್ಟಿತು; ಮಿಸೌರಿ ರಾಜ್ಯ 2005ರಲ್ಲಿ ಪ್ರಯೋಗವಾಗಿ ಆರಂಭಿಸಿ 2007ರಲ್ಲಿ ನಿಲ್ಲಿಸಿತು. ಮೊಟ್ಟೆ ಕಾಯುತ್ತಿರುವ ಮೀನನ್ನು ಗೂಡಿನಿಂದ ಎಳೆಯುವುದು ನನಗೆ ಒಪ್ಪಿಗೆಯಿಲ್ಲ, ಆದ್ದರಿಂದ ಇಲ್ಲಿ ಅದನ್ನು ವಿವರಿಸುವುದಿಲ್ಲ.

ಸಲಕರಣೆ

ಮರದ ಗುಪ್ಪೆಯ ಪಕ್ಕದಲ್ಲಿ ಮೂವತ್ತು ಪೌಂಡಿನ ಮೀನನ್ನು ತಡೆದು ನಿಲ್ಲಿಸಬೇಕಾಗಿರುವುದರಿಂದ ಸಲಕರಣೆ ಗಟ್ಟಿಯಾಗಿರಲೇಬೇಕು. ಏಳೂವರೆಯಿಂದ ಎಂಟು ಅಡಿಯ, ಬುಡ ಬಲವಾಗಿದ್ದು ತುದಿ ಸ್ವಲ್ಪ ಬಾಗುವ ಗಾಳದ ಕೋಲು ಸಾಕು. ರೀಲು ದುಂಡನೆಯ ಬೈಟ್‌ಕಾಸ್ಟಿಂಗ್ ಬಗೆಯದಿರಲಿ, ದಾರ ಜಾರಿದಾಗ ಟಿಕ್‌ಟಿಕ್ ಎಂದು ಸದ್ದು ಮಾಡುವ ಕ್ಲಿಕ್ಕರ್ ಅದರಲ್ಲಿರಲಿ. ಮುಖ್ಯ ದಾರವಾಗಿ 65ರಿಂದ 80 ಪೌಂಡ್ ತಾಳಿಕೆಯ ಹೆಣೆದ ದಾರವನ್ನು ನಾನು ಬಳಸುತ್ತೇನೆ. ಕೊಕ್ಕೆಯ ಕಡೆಯ ತುಂಡಿಗೆ ಮಾತ್ರ 50ರಿಂದ 80 ಪೌಂಡಿನ ದಪ್ಪ ನೈಲಾನ್ ಎಳೆ ಬೇಕು, ಏಕೆಂದರೆ ಹೆಣೆದ ದಾರ ಕಲ್ಲು, ತೊಗಟೆಗೆ ಉಜ್ಜಿದರೆ ಬೇಗ ಹರಿಯುತ್ತದೆ. ಕೊಕ್ಕೆ 8/0ಯಿಂದ 10/0 ಅಳತೆಯ ಸರ್ಕಲ್ ಹುಕ್ ಆಗಿರಲಿ. ಅದರ ಮೊನೆ ಒಳಕ್ಕೆ ಬಾಗಿರುವುದರಿಂದ ಹೆಚ್ಚಾಗಿ ಬಾಯಿಯ ಅಂಚಿಗೇ ಕಚ್ಚುತ್ತದೆ, ಮೀನು ಕೊಕ್ಕೆ ನುಂಗಿ ಸಾಯುವುದು ತಪ್ಪುತ್ತದೆ.

ಜೋಡಿಸುವ ಕ್ರಮ ಹೀಗೆ. ಮುಖ್ಯ ದಾರವನ್ನು ಚಪ್ಪಟೆಯಾದ, ತಳದಲ್ಲಿ ಉರುಳದ ಸೀಸದ ಗುಂಡಿನ ರಂಧ್ರದಲ್ಲಿ ತೂರಿಸಿ. ಸೆಳೆತಕ್ಕೆ ತಕ್ಕಂತೆ 3ರಿಂದ 8 ಔನ್ಸ್, ಅಂದರೆ 85ರಿಂದ 225 ಗ್ರಾಂ ತೂಕ ಬೇಕಾಗುತ್ತದೆ. ಗುಂಡಿನ ನಂತರ ಒಂದು ಪ್ಲಾಸ್ಟಿಕ್ ಮಣಿ ಪೋಣಿಸಿ. ಗುಂಡು ಗಂಟಿಗೆ ಬಡಿಯದಂತೆ ಅದು ತಡೆಯುತ್ತದೆ. ಆಮೇಲೆ ತಿರುಗುಕೊಂಡಿಯನ್ನು ಕಟ್ಟಿ. ಇದಕ್ಕೆ ಪಾಲೋಮಾರ್ ಗಂಟು ಒಳ್ಳೆಯದು: ದಾರವನ್ನು ಮಡಿಸಿ ಜೋಡಿ ಎಳೆಯನ್ನು ಕೊಂಡಿಯ ಕಣ್ಣಿನಲ್ಲಿ ತೂರಿಸಿ, ಜೋಡಿ ಎಳೆಯಲ್ಲೇ ಒಂದು ಸಡಿಲ ಗಂಟು ಹಾಕಿ, ತುದಿಯ ಕುಣಿಕೆಯನ್ನು ಇಡೀ ಕೊಂಡಿಯ ಮೇಲಿಂದ ದಾಟಿಸಿ, ನೀರಿನಿಂದ ಒದ್ದೆ ಮಾಡಿ, ನಿಧಾನವಾಗಿ ಬಿಗಿಯಿರಿ. ಒಣ ದಾರವನ್ನು ಹಾಗೇ ಎಳೆದರೆ ಬಿಸಿಯಾಗಿ ಗಂಟು ದುರ್ಬಲವಾಗುತ್ತದೆ. ಕೊಂಡಿಯ ಇನ್ನೊಂದು ಬದಿಗೆ ನೈಲಾನ್ ತುಂಡನ್ನೂ ಅದರ ತುದಿಗೆ ಕೊಕ್ಕೆಯನ್ನೂ ಕಟ್ಟಿ. ಮರದ ಹತ್ತಿರ ಈ ತುಂಡು ಒಂದು ಅಡಿಗಿಂತ ಉದ್ದವಿರಬಾರದು, ಉದ್ದವಾದರೆ ಎರೆಮೀನು ಈಜಿ ಹೋಗಿ ಕೊಂಬೆಗೆ ಸುತ್ತಿಕೊಳ್ಳುತ್ತದೆ.

ಎರೆಮೀನು ಹಿಡಿಯುವುದು, ಉಳಿಸುವುದು

ಅಂಗೈ ಅಗಲದ ಗ್ರೀನ್ ಸನ್‌ಫಿಶ್, ಬ್ಲೂಗಿಲ್, ಗೇಣುದ್ದದ ಬುಲ್‌ಹೆಡ್ ಇವು ಉತ್ತಮ ಎರೆಗಳು. ಕೊಳಗಳಲ್ಲಿ ಸಣ್ಣ ಕೊಕ್ಕೆಗೆ ಎರೆಹುಳು ಸಿಕ್ಕಿಸಿ ಸಂಜೆಯೊಳಗೆ ಹತ್ತು ಹನ್ನೆರಡು ಹಿಡಿದಿಟ್ಟುಕೊಳ್ಳಬಹುದು, ಮಕ್ಕಳಿಗೆ ಇದು ಬಹಳ ಇಷ್ಟವಾದ ಕೆಲಸ. ಆದರೆ ಬ್ಲೂಗಿಲ್‌ನಂಥ ಮೀನನ್ನು ಎರೆಯಾಗಿ ಬಳಸಲು ಕೆಲವು ರಾಜ್ಯಗಳು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಒಂದು ನೀರಿನ ಎರೆಮೀನನ್ನು ಇನ್ನೊಂದು ನೀರಿಗೆ ಒಯ್ಯುವುದಕ್ಕೂ ನಿರ್ಬಂಧವಿರುತ್ತದೆ. ಸಿಲ್ವರ್ ಕಾರ್ಪ್ ಮರಿಗಳು, ಜೀಬ್ರಾ ಮಸಲ್ ಚಿಪ್ಪುಜೀವಿಗಳು ಬಕೆಟ್ಟಿನ ನೀರಿನ ಮೂಲಕವೂ ಹರಡಬಲ್ಲವು, ಹಾಗಾಗಿ ಈ ನಿಯಮವನ್ನು ಹಗುರವಾಗಿ ಕಾಣಬಾರದು. ಉಳಿದ ಎರೆಮೀನನ್ನು ನದಿಗೆ ಸುರಿಯಲೂಬಾರದು.

ಬಕೆಟ್ಟಿಗೆ ಬ್ಯಾಟರಿಯ ಗಾಳಿಪಂಪು ಹಾಕಿ, ಬಿಸಿಲಿಗೆ ಇಡದಿರಿ, ನೀರನ್ನು ಆಗಾಗ ಬದಲಿಸಿ. ಎರೆ ಚುರುಕಾಗಿದ್ದಷ್ಟೂ ಒಳ್ಳೆಯದು. ಸೆಳೆತ ಕಡಿಮೆಯಿರುವಲ್ಲಿ ಕೊಕ್ಕೆಯನ್ನು ಬೆನ್ನಿನ ರೆಕ್ಕೆಯ ಹಿಂದೆ, ಬೆನ್ನುಮೂಳೆಗೆ ತಾಗದಂತೆ ಚುಚ್ಚಬೇಕು. ಸೆಳೆತ ಜೋರಿದ್ದರೆ ಮೂಗಿನ ಹೊಳ್ಳೆಗಳ ಮೂಲಕ ಹಾಯಿಸಿದರೆ ಎರೆ ಹರಿವಿಗೆ ಮುಖ ಮಾಡಿ ಬಹಳ ಹೊತ್ತು ಬದುಕುತ್ತದೆ. ಎರಡೂ ಸಂದರ್ಭಗಳಲ್ಲಿ ಕೊಕ್ಕೆಯ ಮೊನೆ ಪೂರ್ತಿ ಹೊರಗೆ ಕಾಣಬೇಕು, ಮಾಂಸದಲ್ಲಿ ಮುಚ್ಚಿಹೋದರೆ ಸರ್ಕಲ್ ಹುಕ್ ಕೆಲಸ ಮಾಡುವುದಿಲ್ಲ. ಸಣ್ಣ ಎರೆಗೆ ಸಣ್ಣ ಮೀನುಗಳು ಮುತ್ತುತ್ತವೆ; ದೊಡ್ಡ ಎರೆ ಅವನ್ನು ದೂರವಿಡುತ್ತದೆ.

ರಾತ್ರಿಯ ಕೆಲಸ

ಸೂರ್ಯ ಮುಳುಗುವ ಒಂದು ಗಂಟೆ ಮೊದಲು ಜಾಗದಲ್ಲಿರಿ. ಮೊದಲ ಗಾಳವನ್ನು ಮರದ ಗುಪ್ಪೆಯ ಮೇಲ್ಹರಿವಿನ ಅಂಚಿನಿಂದ ಎರಡು ಮೂರು ಅಡಿ ದೂರಕ್ಕೆ ಬಿಡಿ. ಗುಪ್ಪೆಯ ಒಳಕ್ಕೆ ಎಸೆಯಬೇಡಿ. ಎರಡನೆಯದನ್ನು ಮರಳು ದಿಣ್ಣೆ ಆಳಕ್ಕೆ ಇಳಿಯುವ ಅಂಚಿನಲ್ಲಿಡಿ. ಸಂಜೆ ಮೊದಲನೆಯದಕ್ಕೆ ಹೆಚ್ಚು ಅವಕಾಶ, ಕತ್ತಲು ಗಟ್ಟಿಯಾದ ಮೇಲೆ ಎರಡನೆಯದಕ್ಕೆ. ಮೊಣಕಾಲುದ್ದದ ನೀರಿನಲ್ಲಿ ದೊಡ್ಡ ಮೀನು ಇರಲಾರದು ಎಂಬ ಅಭಿಪ್ರಾಯ ತಪ್ಪು. ರಾತ್ರಿ ಹತ್ತರ ನಂತರ ಅವು ಸಣ್ಣ ಮೀನುಗಳನ್ನು ಅಟ್ಟಿಸಿಕೊಂಡು ಬರುವುದೇ ಅಂಥ ಕಡೆಗೆ. ಆದ್ದರಿಂದ ದಡದಲ್ಲಿ ಧಡಧಡ ನಡೆಯಬಾರದು, ದೀಪವನ್ನು ನೀರಿನ ಮೇಲೆ ಹಾಯಿಸಬಾರದು.

ಕೋಲುಗಳನ್ನು ನೆಲಕ್ಕೆ ಆಳವಾಗಿ ಹೊಡೆದ ಕಬ್ಬಿಣದ ಆಸರೆಯಲ್ಲಿ ನಿಲ್ಲಿಸಿ. ಮರದ ಪಕ್ಕದ ಕೋಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಜಾರದಂತೆ ರೀಲು ಕೊಡುವ ತಡೆ, ಬಿಗಿಯಾಗಿರಬೇಕು, ಅಲ್ಲಿ ಮೀನಿಗೆ ಒಂದು ಮೀಟರ್ ದಾರ ಕೊಟ್ಟರೂ ಅದು ಬೇರಿನೊಳಗೆ ಸೇರಿಕೊಳ್ಳುತ್ತದೆ. ಬಯಲು ನೀರಿನ ಕೋಲನ್ನು ಕ್ಲಿಕ್ಕರ್ ಮೇಲೆ ಬಿಡಬಹುದು. ಇನ್ನು ಕಾಯುವುದು. ಬೇಸಿಗೆಯ ರಾತ್ರಿ ಒಂದು ಒಳ್ಳೆಯ ಜಾಗದಲ್ಲಿ ಕನಿಷ್ಠ ಎರಡು ಗಂಟೆ ಕೂರದೆ ಕದಲಬೇಡಿ; ಅಲ್ಲಿ ಇಲ್ಲಿ ಅಲೆಯುವವರಿಗಿಂತ ಕೂತವರಿಗೆ ಹೆಚ್ಚು ಸಿಗುವುದನ್ನು ನೋಡಿದ್ದೇನೆ. ಅರ್ಧ ಗಂಟೆಗೊಮ್ಮೆ ಎರೆ ಜೀವಂತವಿದೆಯೇ ಎಂದು ದಾರಕ್ಕೆ ಬೆರಳಿಟ್ಟು ನೋಡಿದರೆ ಸಾಕು, ಎಳೆದು ನೋಡುವ ಅಗತ್ಯವಿಲ್ಲ.

ಆ ಬೆರಳು ಬಹಳಷ್ಟನ್ನು ಹೇಳುತ್ತದೆ. ಆರೋಗ್ಯವಾಗಿರುವ ಸನ್‌ಫಿಶ್ ಬಿಟ್ಟು ಬಿಟ್ಟು ಮೆಲ್ಲಗೆ ತುಡಿಯುತ್ತಿರುತ್ತದೆ. ಫ್ಲ್ಯಾಟ್‌ಹೆಡ್ ಹತ್ತಿರ ಬಂದಾಗ ಆ ತುಡಿತ ಒಮ್ಮೆಲೇ ನಡುಕವಾಗುತ್ತದೆ, ಕೋಲಿನ ತುದಿ ಸಣ್ಣಗೆ ಅದುರತೊಡಗುತ್ತದೆ. ಒಂದು ಆಗಸ್ಟ್ ರಾತ್ರಿ ಆ ಅದುರಾಟವನ್ನು ಸುಮಾರು ಹತ್ತು ನಿಮಿಷ ನೋಡುತ್ತ ಕೂತಿದ್ದೆ. ಆಮೇಲೆ ಎಲ್ಲ ನಿಂತುಹೋಯಿತು, ದಾರದಲ್ಲಿ ಜೀವವೇ ಇಲ್ಲ. ಎರೆ ತಪ್ಪಿಸಿಕೊಂಡಿತೆಂದು ಕೈಚಾಚುವಷ್ಟರಲ್ಲಿ ಧಡ್ ಎಂಬ ಒಂದೇ ಪೆಟ್ಟಿಗೆ ಕೋಲಿನ ತುದಿ ನೀರಿಗೆ ಬಾಗಿತು. ಗಾಬರಿಯಲ್ಲಿ ಕೋಲನ್ನು ಕಿತ್ತು ಹಿಂದಕ್ಕೆ ಜಗ್ಗಿದೆ, ಕೊಕ್ಕೆ ಬಾಯಿಂದ ಜಾರಿ ಬಂತು. ಸರ್ಕಲ್ ಹುಕ್ಕನ್ನು ಹಾಗೆ ಜಗ್ಗಲೇಬಾರದು. ಕೋಲು ಪೂರ್ತಿ ಬಾಗುವ ತನಕ ಬಿಟ್ಟು, ನಂತರ ಆಸರೆಯಿಂದ ಎತ್ತಿಕೊಂಡು, ರೀಲನ್ನು ಬಿಗಿಯಾಗಿ ಸುತ್ತುತ್ತಾ ಭಾರಕ್ಕೆ ಒರಗಿದರೆ ಕೊಕ್ಕೆ ತಾನೇ ಬಾಯಿಯ ಮೂಲೆಗೆ ಹೊರಳಿ ನಾಟುತ್ತದೆ.

ಮೊದಲ ಹತ್ತು ಸೆಕೆಂಡು ಮೀನನ್ನು ಮರದಿಂದ ದೂರಕ್ಕೆ ತರುವುದಕ್ಕೇ ಮೀಸಲು. ಆಗ ಕರುಣೆ ಬೇಡ. ಬಯಲು ನೀರಿಗೆ ಬಂದ ಮೇಲೆ ಡ್ರ್ಯಾಗ್ ಸ್ವಲ್ಪ ಸಡಿಲಿಸಿ ಓಡಲು ಬಿಡಿ. ಅದು ತಳಕ್ಕೆ ಒತ್ತಿ ತಲೆ ಒದರುತ್ತದೆ. ಕೋಲನ್ನು ನಿಧಾನವಾಗಿ ಎತ್ತಿ, ಇಳಿಸುವಾಗ ಮಾತ್ರ ದಾರ ಸುತ್ತಿಕೊಳ್ಳಿ. ದಡಕ್ಕೆ ಬಂದ ಮೀನಿಗೆ ಬಲೆಯನ್ನು ಮೊದಲೇ ನೀರೊಳಗೆ ಮುಳುಗಿಸಿಟ್ಟು ತಲೆಯ ಕಡೆಯಿಂದ ಅದರೊಳಕ್ಕೆ ತರಬೇಕು. ಬಾಲದ ಕಡೆಯಿಂದ ಬಲೆ ಚಾಚಿದರೆ ಮತ್ತೊಮ್ಮೆ ಓಡುತ್ತದೆ.

ಸುರಕ್ಷತೆ

ಕ್ಯಾನ್ಸಸ್ ನದಿಯ ಉಪನದಿಗಳ ಮೇಲೆ ಟಟಲ್ ಕ್ರೀಕ್, ಮಿಲ್ಫರ್ಡ್, ಪೆರ್ರಿ, ಕ್ಲಿಂಟನ್ ಜಲಾಶಯಗಳಿವೆ. ಅಲ್ಲಿಂದ ನೀರು ಬಿಟ್ಟರೆ ನೀವು ಕೂತ ಕಡೆ ಮಳೆಯ ಸುಳಿವಿಲ್ಲದಿದ್ದರೂ ನದಿ ಏರುತ್ತದೆ. ಮರಳು ದಿಣ್ಣೆಯ ಮೇಲೆ ಕೂರುವಾಗ ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ನೆಟ್ಟು ಗಂಟೆಗೊಮ್ಮೆ ನೋಡಿ. ಕಡ್ಡಿ ಒಂದು ಗೇಣು ಒಳಕ್ಕೆ ಹೋಗಿದ್ದರೆ ಸಾಮಾನು ಕಟ್ಟಿ. ಪ್ರಾಣರಕ್ಷಕ ಜಾಕೆಟ್ ದಡದಲ್ಲೂ ಮೈಮೇಲಿರಲಿ. ಊರುಗಳ ಬಳಿಯ ತಗ್ಗು ಅಣೆಕಟ್ಟುಗಳ ಕೆಳಗೆ ಮೀನು ಗುಂಪುಗೂಡುವುದು ನಿಜ, ಆದರೆ ಅಲ್ಲಿ ಕುದಿಯುವ ನೀರು ಹಿಮ್ಮುಖವಾಗಿ ಅಣೆಕಟ್ಟಿನ ಗೋಡೆಯತ್ತಲೇ ಸೆಳೆಯುತ್ತದೆ. ಒಳ್ಳೆಯ ಈಜುಗಾರರೂ ಅದರಿಂದ ಹೊರಬರಲಾರರು. ಒಬ್ಬರೇ ಹೋಗಬೇಡಿ.

ಹಿಡಿದ ಮೀನನ್ನು ಏನು ಮಾಡಬೇಕು

ಫ್ಲ್ಯಾಟ್‌ಹೆಡ್‌ಗೆ ಕೋರೆಹಲ್ಲುಗಳಿಲ್ಲ, ಆದರೆ ದವಡೆಯ ಮೇಲೆ ಉಪ್ಪುಕಾಗದದಂಥ ಒರಟು ಪಟ್ಟಿಯಿದೆ. ಕೈಗವಸು ಹಾಕಿ ಕೆಳದವಡೆಯನ್ನು ಹಿಡಿಯಿರಿ. ಎದೆಯ ಎರಡೂ ಬದಿಯ ರೆಕ್ಕೆಗಳಲ್ಲಿ ಗಟ್ಟಿ ಮುಳ್ಳುಗಳಿವೆ, ಚುಚ್ಚಿದರೆ ವಿಪರೀತ ನೋವು. ದವಡೆಯಿಂದ ನೇತುಹಾಕಿ ತೂಗಬೇಡಿ. ಒದ್ದೆ ಜೋಲಿಯಲ್ಲಿ ಮಲಗಿಸಿ ತೂಗಿ. ಫೋಟೋಗೆ ಹಿಡಿಯುವಾಗ ಒಂದು ಕೈ ಹೊಟ್ಟೆಯ ಅಡಿಗಿರಲಿ. ಬಿಡುವಾಗ ನೀರಿನಲ್ಲಿ ನೆಟ್ಟಗೆ ಹಿಡಿದಿದ್ದು, ಅದೇ ಬಾಲ ಬೀಸಿ ಹೊರಟಾಗ ಕೈ ಸಡಿಲಿಸಿ.

ಊಟಕ್ಕೆ ಬೇಕಾದರೆ ಹತ್ತು ಪೌಂಡಿನ ಒಳಗಿನದನ್ನು ಇಟ್ಟುಕೊಳ್ಳಿ. ಅದರ ಮಾಂಸ ಬೆಳ್ಳಗೆ, ಗಟ್ಟಿಯಾಗಿ, ಖಾರ ಹುಳಿಯ ಸಾರಿಗೆ ಬಹಳ ಚೆನ್ನಾಗಿ ಒಗ್ಗುತ್ತದೆ. ಚರ್ಮ ಸುಲಿದು ಹಳದಿ ಕೊಬ್ಬನ್ನು ಪೂರ್ತಿ ತೆಗೆಯಬೇಕು. ದೊಡ್ಡ ಮೀನಿನಲ್ಲಿ ಪಾದರಸ ಮತ್ತು ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕದಂಥ ವಿಷಗಳು ವರ್ಷಗಟ್ಟಲೆ ಸೇರಿಕೊಂಡಿರುವ ಸಾಧ್ಯತೆ ಇರುವುದರಿಂದ ರಾಜ್ಯದ ಆರೋಗ್ಯ ಸೂಚನೆಯನ್ನು ನೋಡಿಕೊಳ್ಳಿ. ಗರ್ಭಿಣಿಯರಿಗೂ ಮಕ್ಕಳಿಗೂ ದೊಡ್ಡದನ್ನು ಕೊಡಬೇಡಿ.

ನಲವತ್ತು ಪೌಂಡಿನ ಮೀನು ಅಷ್ಟಾಗಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಮಿಗಿಲು ಬೇಕು. ಅಂಥದ್ದನ್ನು ಒಂದು ಮಡುವಿನಿಂದ ತೆಗೆದರೆ ಆ ಮಡು ಬಹಳ ಕಾಲ ಬರಿದಾಗಿಯೇ ಉಳಿಯಬಹುದು. ಆದ್ದರಿಂದ ಅದರ ತವರಿನ ನದಿಗಳಲ್ಲಿ ದೊಡ್ಡದನ್ನು ಬಿಟ್ಟುಬಿಡಿ ಎಂದು ಕೈಮುಗಿದು ಕೇಳುತ್ತೇನೆ. ಪೂರ್ವ ಕರಾವಳಿಯ ಕಥೆ ಬೇರೆ. ಜಾರ್ಜಿಯದ ಆಲ್ಟಮಾಹಾ ಮತ್ತು ಸಟಿಲಾ, ನಾರ್ತ್ ಕ್ಯಾರೊಲಿನದ ಕೇಪ್ ಫಿಯರ್, ಪೆನ್ಸಿಲ್ವೇನಿಯದ ಸಸ್ಕ್ವೆಹಾನಾ ನದಿಗಳಿಗೆ ಈ ಮೀನು ಮನುಷ್ಯರಿಂದಲೇ ಬಂದದ್ದು. ಅಲ್ಲಿನ ಹಲವು ಕಡೆ ರೆಡ್‌ಬ್ರೆಸ್ಟ್ ಸನ್‌ಫಿಶ್‌ನಂಥ ಸ್ಥಳೀಯ ಮೀನುಗಳನ್ನು ಇದು ತಿಂದು ತಗ್ಗಿಸಿದೆ. ಅಂಥ ನದಿಯಲ್ಲಿ ಹಿಡಿದದ್ದನ್ನು ನೀರಿಗೆ ಮರಳಿಸದೆ ಮನೆಗೆ ಒಯ್ಯುವುದೇ ಸರಿ.